ಗಡಿಯಾರದಕ್ಕನ ಉಸಿರು

ಕೈಗಡಿಯಾರದ ಬೆನ್ನು ಬಿಚ್ಚಿದರೆ ಒಳಗಿರುವ ಸ್ಕ್ರೂಗಳು ಸಾಸಿವೆಗಿಂತ ಸಣ್ಣವು. ಸೀನಿದರೆ ಹೋಯಿತು, ಜೋರಾಗಿ ಉಸಿರಾಡಿದರೂ ಹೋಯಿತು. ಆಮೇಲೆ ಟಾರ್ಚು ಹಿಡಿದು, ಮಂಡಿಯೂರಿ, ಅರ್ಧ ದಿನ ನೆಲ ಹುಡುಕಬೇಕು. ಅದಕ್ಕೇ ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ ಹತ್ತು ವರ್ಷದ ಮಗಳ ಕೈಗೆ ಚಿಮುಟ ಕೊಡುವ ಮೊದಲು ಒಂದೇ ಒಂದು ಪಾಠ ಹೇಳಿಕೊಟ್ಟಿದ್ದ: "ಉಸಿರು ಹಿಡಿ. ಸ್ಕ್ರೂ ಕೂತ ಮೇಲೆ ಬಿಡು."

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಬಸ್ ನಿಲ್ದಾಣದ ಎದುರು, ಮೆಟ್ಟಿಲ ಕೆಳಗಿನ ಆ ಗೂಡಿನಂಥ ಅಂಗಡಿ ಈಗ ಮಗಳದು. ಒಂದು ಕುರ್ಚಿ, ಕತ್ತು ಬಗ್ಗಿಸಿದ ಒಂದು ದೀಪ, ಗೋಡೆಯ ತುಂಬ ಒಂದೊಂದೂ ಒಂದೊಂದು ಸಮಯ ತೋರಿಸುವ ಗಡಿಯಾರಗಳು. ಊರವರೆಲ್ಲ ಅವಳನ್ನು ಕರೆಯುವುದು ಗಡಿಯಾರದಕ್ಕ ಎಂದೇ. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ.

ದಿನಕ್ಕೆ ಎಂಟು ಗಂಟೆ ಬೆನ್ನು ಬಗ್ಗಿಸಿ ಕೂತು, ಹೆರಿಗೆಯಾದ ಮೇಲೆ ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು "ಸ್ವಲ್ಪ ಓಡಾಡಮ್ಮ" ಅಂದದ್ದನ್ನು ಅವಳು ಸ್ವಲ್ಪ ಹೆಚ್ಚಾಗಿಯೇ ಮನಸ್ಸಿಗೆ ಹಚ್ಚಿಕೊಂಡಳು. ಮೊದಲು ಅಂಗಡಿಗೆ ಸೈಕಲ್ಲು. ಆಮೇಲೆ ಓಟ. ಸ್ಟಾಪ್‌ವಾಚ್ ರಿಪೇರಿಗೆ ಬಂದ ಯಾರೋ ಟ್ರಯಥ್ಲಾನಿನ ಸುದ್ದಿ ಹೇಳಿದರು. ಒಂದೇ ದಿನದಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಈಜು, ನೂರ ಎಂಬತ್ತು ಸೈಕಲ್ಲು, ಕೊನೆಗೆ ನಲವತ್ತೆರಡು ಓಟ. ಕೇಳಿದವರಿಗೆ ತಲೆ ತಿರುಗಿತು. ಇವಳಿಗೆ ಮಾತ್ರ ಅದು ತಲೆಗೆ ಹತ್ತಿತು. ಮೂವತ್ತಮೂರನೇ ವಯಸ್ಸಿಗೆ ಈಜು ಕಲಿತಳು.

ಹೋದ ವರ್ಷ ಹೆಸರು ಕೊಟ್ಟಾಗ ಅತ್ತೆ ಬೀದಿಗೆಲ್ಲ ಡಂಗುರ ಸಾರಿದ್ದರು. ಈಜು ಮುಗಿಸಲು ಕೊಡುವ ಹೊತ್ತು ಎರಡು ಗಂಟೆ ಇಪ್ಪತ್ತು ನಿಮಿಷ. ಅವಳು ದಡ ಮುಟ್ಟಿದ್ದು ಎರಡು ಗಂಟೆ ಇಪ್ಪತ್ತನಾಲ್ಕಕ್ಕೆ. ಒಬ್ಬ ಅಧಿಕಾರಿ ಬಗ್ಗಿ, ಕಾಲಿಗೆ ಕಟ್ಟಿದ್ದ ಟೈಮಿಂಗ್ ಪಟ್ಟಿ ಬಿಚ್ಚಿಕೊಂಡ. ಸೈಕಲ್ಲು ನಿಲ್ಲಿಸಿದ್ದಲ್ಲೇ ನಿಂತಿತ್ತು. ಮನೆಗೆ ಬಂದರೆ, ಮೂಲೆಯ ದಿನಸಿ ಅಂಗಡಿಯವನು ಬೀದಿಗೆ ಕೇಳುವ ಹಾಗೆ ಕೂಗಿದ್ದ: "ಏನಕ್ಕಾ, ಊರಿಗೆಲ್ಲ ಟೈಮ್ ಸರಿಮಾಡೋಳು ನೀನೇ ನಾಲ್ಕು ನಿಮಿಷ ಸ್ಲೋ ಆದ್ಯಂತೆ! ಬ್ಯಾಟರಿ ಬದಲಾಯಿಸ್ಕೋ!"

ಅವಳೂ ನಕ್ಕಳು. ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ಅತ್ತಳು.

ಈ ವರ್ಷ ಮತ್ತೆ ಹೆಸರು ಕೊಟ್ಟಾಗ ಹೇಳಿದ್ದು ಗಂಡನಿಗೆ ಮಾತ್ರ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವನಿಗೆ ಗುಟ್ಟು ಕಾಯುವುದು ಹೊಸದೇನಲ್ಲ.

"ರೀ, ಇದೊಂದು ಸಲ. ಈ ಸಲಾನೂ ನೀರಲ್ಲೇ ನಿಂತೆ ಅಂದ್ರೆ ಬಿಟ್ಟೇಬಿಡ್ತೀನಿ. ಅತ್ತೆ ಹತ್ರ ಮಾತ್ರ ಉಸಿರು ಬಿಡಬೇಡಿ."

"ಬೆಳಿಗ್ಗೆ ಎಲ್ಲಿಗೆ ಹೋಗ್ತಾಳೆ ಅಂತ ಕೇಳಿದ್ರೆ?"

"ಬೆನ್ನುನೋವಿಗೆ ವಾಕಿಂಗು."

"ಒದ್ದೆ ತಲೇಲಿ ವಾಕಿಂಗು," ಅಂದ ಗಂಡ. ಆದರೂ ಒಪ್ಪಿದ.

ಪುರಸಭೆಯ ಈಜುಕೊಳದಲ್ಲಿ ದೊಡ್ಡವರಿಗೆ ಈಜು ಕಲಿಸುವವರು ಒಬ್ಬ ನಿವೃತ್ತ ನರ್ಸು. ಕೊಳದಲ್ಲೂ ಎಲ್ಲರೂ ಅವರನ್ನು ಸಿಸ್ಟರ್ ಅನ್ನುತ್ತಾರೆ. ಅವರೂ ಎಲ್ಲರನ್ನೂ ರೋಗಿಗಳ ಹಾಗೇ ನೋಡುತ್ತಾರೆ. ಮೊದಲ ದಿನ ಇವಳು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಕೈತಟ್ಟಿ ನಿಲ್ಲಿಸಿದರು.

"ನಿಲ್ಲಮ್ಮ, ನಿಲ್ಲು. ನೀರೊಳಗೆ ಏನು ಮಾಡ್ತಿದ್ದೀಯ?"

"ಈಜ್ತಿದ್ದೀನಿ ಸಿಸ್ಟರ್."

"ಅದು ನಂಗೂ ಕಾಣುತ್ತೆ. ಮುಖ ಮುಳುಗಿದ ಮೇಲೆ ಒಂದು ಗುಳ್ಳೆಯಾದ್ರೂ ಮೇಲೆ ಬರಬೇಕೋ ಬೇಡ್ವೋ? ಉಸಿರು ಎಲ್ಲಿ ಬಚ್ಚಿಟ್ಟಿದ್ದೀಯ?"

"ಹಿಡ್ಕೊಂಡಿದ್ದೀನಿ."

"ಯಾಕೆ?"

ಹಾಗೆ ಯಾರೂ ಕೇಳಿರಲಿಲ್ಲ. ಅವಳು ಈಜುಕನ್ನಡಕ ಹಣೆಗೇರಿಸಿ ಯೋಚಿಸಿದಳು. "ಕೆಲಸ ಮಾಡೋವಾಗ ಹಿಡ್ಕೊಳ್ಳೋದು... ಅಪ್ಪ ಕಲಿಸಿದ್ದು."

"ಮೂವತ್ತು ವರ್ಷ ವಾರ್ಡಲ್ಲಿದ್ದೋಳು ನಾನು. ಉಸಿರು ನಿಲ್ಲಿಸ್ಕೊಂಡು ಯಾರೂ ಹೆಚ್ಚು ದೂರ ಹೋಗಿದ್ದು ನೋಡಿಲ್ಲ, ತಾಯಿ."

ರೋಗ ಅಲ್ಲೇ ಇತ್ತು. ನೀರೊಳಗೆ ಹಿಡಿದಿಟ್ಟದ್ದನ್ನು ತಲೆ ಹೊರಗೆ ಬಂದ ಕ್ಷಣದಲ್ಲೇ ಬಿಡಬೇಕು, ಅಷ್ಟರಲ್ಲೇ ಹೊಸದನ್ನು ಎಳೆದುಕೊಳ್ಳಬೇಕು. ಹೊತ್ತು ಸಾಲದೆ ತಲೆ ಇನ್ನೂ ಮೇಲೆತ್ತುತ್ತಾಳೆ. ತಲೆ ಎದ್ದರೆ ಕಾಲು ಮುಳುಗುತ್ತದೆ. ಬೆನ್ನ ಹಿಂದೆ ರುಬ್ಬುಗುಂಡು ಕಟ್ಟಿಕೊಂಡು ಈಜಿದ ಹಾಗೆ. ಇಪ್ಪತ್ತೈದು ಮೀಟರಿಗೆ ಮೂವತ್ತೊಂದು ಸಲ ಕೈ ಬೀಸುತ್ತಿದ್ದಳು, ಹೋದ ವರ್ಷ ತೋಳಿಗೆ ಎಷ್ಟು ಬಲ ಬಂದರೂ ಆ ಲೆಕ್ಕ ಇಳಿದಿರಲಿಲ್ಲ.

"ಮನೇಲಿ ಮಗು ಇದೆಯಾ?" ಸಿಸ್ಟರ್ ಕೇಳಿದರು. "ಕಥೆ ಹೇಳೋವಾಗ ಹೂಂಗುಟ್ಟುತ್ತಲ್ಲ, ಹಾಗೆ. ಮುಖ ನೀರಲ್ಲಿಟ್ಟು ಹೂಂ ಅನ್ನು. ಹೂಂ ಅಂದ್ರೆ ಉಸಿರು ತಾನೇ ಹೊರಗೆ ಹೋಗುತ್ತೆ. ಮೂರು ಕೈಗೊಂದು ಸಲ ಪಕ್ಕಕ್ಕೆ ತಿರುಗು, ಒಂದು ಕಣ್ಣು ನೀರಲ್ಲೇ ಇರಲಿ. ಮೊದಲು ಬಕೆಟ್ಟಲ್ಲಿ ಕಲಿ."

ಹಾಗಾಗಿ ಆರು ವರ್ಷದ ಪುಟ್ಟಿ ಒಂದು ಸಂಜೆ ಬಚ್ಚಲ ಬಾಗಿಲು ತಳ್ಳಿದಾಗ ಕಂಡದ್ದು, ಬಕೆಟ್ಟಿನಲ್ಲಿ ತಲೆಯಿಟ್ಟು ಹೂಂ ಹೂಂ ಅನ್ನುತ್ತಿದ್ದ ಅಮ್ಮ.

"ಅಮ್ಮಾ, ಬಕೆಟ್ಟು ಕಥೆ ಹೇಳ್ತಿದೆಯಾ?"

ಅವಳು ಮಗಳನ್ನು ಒಳಗೆಳೆದು ಬಾಗಿಲು ಹಾಕಿಕೊಂಡಳು. ಈಜಿನ ವಿಷಯ ಹೇಳಿದಳು. ಕೊನೆಗೆ ಕಿವಿಯಲ್ಲಿ, "ಪುಟ್ಟಿ, ಅಜ್ಜಿ ಮುಂದೆ ಮಾತ್ರ ಉಸಿರು ಬಿಡಬಾರದು. ಆಯ್ತಾ?" ಅಂದಳು. ಪುಟ್ಟಿ ಗಂಭೀರವಾಗಿ ತಲೆಯಾಡಿಸಿತು.

ಕದ್ದು ಹೋಗಿ ಕದ್ದು ಬರುವುದೆಂದರೆ ನಲವತ್ತು ನಿಮಿಷ. ಅಷ್ಟರಲ್ಲೇ ನೂರು ಮೀಟರಿನ ಆರು ತುಂಡು, ನಡುನಡುವೆ ಇಪ್ಪತ್ತು ಸೆಕೆಂಡು ನಿಲ್ಲುವುದು. ಎರಡು ತಿಂಗಳಲ್ಲಿ ಮೂವತ್ತೊಂದು ಕೈ ಇಪ್ಪತ್ತನಾಲ್ಕಕ್ಕೆ ಇಳಿಯಿತು. ಸಿಸ್ಟರಿಗೆ ಸಮಾಧಾನವಿಲ್ಲ. "ತುಂಡು ಚೆನ್ನಾಗಿದೆ. ಇಡೀ ಬಟ್ಟೆ ಯಾವಾಗ ನೇಯ್ತೀಯ? ಒಂದೇ ಏಟಿಗೆ ಮೂರು ಕಿಲೋಮೀಟರ್ ಈಜದೆ ಕೆರೆಗಿಳಿದ್ರೆ ಅರ್ಧದಾರೀಲಿ ಮತ್ತೆ ಹಳೇ ಚಾಳಿ." ಇವಳು ಗೋಡೆಯ ಗಡಿಯಾರ ನೋಡಿ, ಒದ್ದೆ ತಲೆಗೆ ಟವೆಲ್ ಸುತ್ತಿ ಓಡುತ್ತಿದ್ದಳು.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ಸುಮ್ಮನೆ ಕೇಳುವವರ ಹಾಗೆ ಕೇಳಿದರು: "ಪುಟ್ಟಿ, ನಿಮ್ಮಮ್ಮ ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೋಗ್ತಾಳೇ?"

ಪುಟ್ಟಿ ಚಮಚ ಕೆಳಗಿಟ್ಟಿತು. ಕೆನ್ನೆ ಉಬ್ಬಿಸಿತು. ಎರಡು ಬೆರಳಲ್ಲಿ ಮೂಗು ಹಿಡಿಯಿತು. ನೋಡನೋಡುತ್ತ ಮುಖ ಟೊಮೆಟೊ ಆಯಿತು, ಕಣ್ಣುಗುಡ್ಡೆ ಮುಂದೆ ಬಂತು.

"ಅಯ್ಯಯ್ಯೋ, ಮಗೂಗೆ ಗಂಟಲಲ್ಲಿ ಏನೋ ಸಿಕ್ಕಿಹಾಕ್ಕೊಂಡಿತು!" ಅತ್ತೆ ಎದ್ದು ಬೆನ್ನಿಗೆ ಗುದ್ದತೊಡಗಿದರು. "ನೋಡ್ತಾ ಕೂತಿದ್ದೀರಲ್ಲೋ, ನೀರು ತನ್ನಿ!"

ಪುಟ್ಟಿಯ ಬಾಯಿ ಬುಸ್ಸೆಂದು ಬಿಚ್ಚಿತು. "ಹೊಡೀಬೇಡ ಅಜ್ಜಿ! ನಿನ್ನ ಮುಂದೆ ಉಸಿರು ಬಿಡಬಾರದು ಅಂತ ಅಮ್ಮ ಹೇಳಿದ್ದಾಳೆ! ಈಜೋದು ಗೊತ್ತಾಗುತ್ತಂತೆ!"

ಗಂಡ ತಟ್ಟೆಯಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದ. ಅವಳಿಗೆ ನಗುವೂ ಬಂತು, ಭೂಮಿ ಬಾಯಿ ಬಿಡಬಾರದೆ ಅಂತಲೂ ಅನಿಸಿತು. ಅತ್ತೆ ಪುಟ್ಟಿಗೆ ನೀರು ಕುಡಿಸಿ ಊಟ ಮುಗಿಸಿದರು.

ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತು, ಇವಳು ಕೊಟ್ಟ ತಟ್ಟೆಗಳನ್ನು ಒರೆಸತೊಡಗಿದರು. ನಾಲ್ಕನೇ ತಟ್ಟೆಗೆ ಮಾತು ಬಂತು.

"ಹೋದ ವರ್ಷ ಬೀದಿಗೆಲ್ಲ ಹೇಳಿದ್ದು ನಿನ್ನ ಮರ್ಯಾದೆ ತೆಗೆಯೋಕಲ್ಲ ಕಣೇ. ನಮ್ಮನೇಲಿ ಇಂಥದ್ದು ಯಾರೂ ಮಾಡಿರಲಿಲ್ಲ. ಹೊಟ್ಟೇಲಿಟ್ಟುಕೊಳ್ಳೋಕಾಗಲಿಲ್ಲ."

"ನಿಮ್ಮನ್ನ ದೂರ ಇಡಬೇಕು ಅಂತಲ್ಲ ಅತ್ತೆ..."

"ಇಟ್ಟಾಯ್ತಲ್ಲ. ಮಗೂನೂ ಉಸಿರುಗಟ್ಟಿಸಿ ಇಟ್ಟೆ." ಅವರು ತಟ್ಟೆ ಜೋಡಿಸಿದರು. "ನಲವತ್ತೇ ನಿಮಿಷಕ್ಕೆ ಓಡಿ ಬರ್ತೀಯಲ್ಲ, ಸಾಕಾಗುತ್ತಾ ಅದು?"

"ಸಾಲಲ್ಲ."

"ಮತ್ತೆ? ಶನಿವಾರ, ಬುಧವಾರ ಮಗೂನ ನಾನು ಎಬ್ಬಿಸಿ ಸ್ಕೂಲಿಗೆ ರೆಡಿ ಮಾಡ್ತೀನಿ. ಎರಡು ಗಂಟೆ ಈಜಿ ಬಾ. ನಾನು ಯಾರ ಹತ್ರಾನೂ ಉಸಿರು ಬಿಡಲ್ಲ." ಆಮೇಲೆ ತಾವೇ ನಕ್ಕರು. "ಪುಟ್ಟಿ ಥರ ಅಲ್ಲ."

ಮಾತಿಗೆ ತಪ್ಪಲಿಲ್ಲ. ದಿನಸಿ ಅಂಗಡಿಯವನು ಕೆಣಕಿದಾಗಲೂ "ನಮ್ಮ ಸೊಸೆಗೆ ಬೆನ್ನುನೋವಪ್ಪ, ವಾಕಿಂಗು" ಅಂದು ಉಪ್ಪಿನ ಪೊಟ್ಟಣ ಹಿಡಿದು ಬಂದರಂತೆ. ಬುಧವಾರ ಎರಡು ಕಿಲೋಮೀಟರು, ಶನಿವಾರ ಎರಡೂವರೆ, ಕೊನೆಗೆ ನಿಲ್ಲದೆ ಮೂರು. ನೂರು ಮೀಟರಿಗೆ ಮೂರು ನಿಮಿಷ ಐವತ್ತು ಸೆಕೆಂಡು ಹಿಡಿಯುತ್ತಿದ್ದದ್ದು ಮೂರೂವರೆಗೆ ಬಂತು.

ಸ್ಪರ್ಧೆಯ ದಿನ ಕೆರೆ ಬೂದುಬಣ್ಣಕ್ಕಿತ್ತು. ನೂರಾರು ಜನ ಒಟ್ಟಿಗೆ ನೀರಿಗೆ ಬಿದ್ದರು. ಮೊದಲ ತಿರುವಿನಲ್ಲೇ ಯಾರದೋ ಹಿಮ್ಮಡಿ ಪಕ್ಕೆಗೆ ಬಡಿಯಿತು. ಎದೆ ಅಲ್ಲೇ ಬೀಗ ಹಾಕಿಕೊಂಡಿತು. ತಲೆ ಎದ್ದಿತು, ಕಾಲು ಇಳಿಯಿತು, ಒಂದು ಗುಟುಕು ನೀರೂ ಒಳಗೆ ಹೋಯಿತು. ಅಕ್ಕಪಕ್ಕದವರು ದಾಟಿ ದಾಟಿ ಮುಂದೆ ಹೋದರು. ನಾಲ್ಕು ನಿಮಿಷ ಕಳೆದುಕೊಳ್ಳುವುದು ಹೀಗೇ ಎಂದು ಅವಳಿಗೆ ಗೊತ್ತಿತ್ತು. ಮುಖ ನೀರಿಗಿಟ್ಟು, ಪುಟ್ಟಿ ನಿದ್ದೆಗಣ್ಣಲ್ಲಿ ಹೂಂಗುಟ್ಟುವ ಹಾಗೆ, ಹೂಂ ಅಂದಳು. ಗುಳ್ಳೆ ಕೆನ್ನೆ ಸವರಿ ಹೋಯಿತು. ಇನ್ನೊಮ್ಮೆ ಹೂಂ. ಮೂರು ಕೈ, ತಿರುವು, ಹೂಂ. ಕಾಲು ತಾನಾಗಿ ಮೇಲೆ ಬಂತು. ಆಗಾಗ ಕಣ್ಣಷ್ಟೇ ನೀರಿನ ಮೇಲೆತ್ತಿ ದಾರಿ ತೋರಿಸುವ ಕಿತ್ತಳೆ ಬಣ್ಣದ ತೇಲುಬುರುಡೆ ಎಲ್ಲಿದೆ ನೋಡುವುದು, ಮತ್ತೆ ಮುಖ ಒಳಗೆ. ಅಷ್ಟು ದೂರದ ಕಥೆಗೆ ಅವಳು ಯಾವತ್ತೂ ಹೂಂಗುಟ್ಟಿರಲಿಲ್ಲ.

ಕೈಗೆ ಕೆಸರು ತಾಗಿದಾಗ ಎದ್ದಳು. ದಡದ ಮೇಲಿನ ದೊಡ್ಡ ಗಡಿಯಾರದಲ್ಲಿ ಎರಡು ಗಂಟೆ ಹದಿನೇಳು ನಿಮಿಷ. ಅಭ್ಯಾಸಬಲದಿಂದ ಒಂದು ಕ್ಷಣ, ಅದು ಸರಿಯಾಗಿ ಓಡುತ್ತಿದೆಯೇ ಎಂದು ನೋಡಿದಳು. ಓಡುತ್ತಿತ್ತು. ಅಧಿಕಾರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಹಗ್ಗದ ಆಚೆ ಗಂಡನ ಪಕ್ಕದಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಅವಳ ಅಂಗಡಿಯ, ಅಪ್ಪನ ಕಾಲದ ಸ್ಟಾಪ್‌ವಾಚು, ಕೆನ್ನೆ ಎರಡೂ ಉಬ್ಬಿ, ಮುಖ ಕೆಂಪಗೆ. ಪುಟ್ಟಿ ಅವರ ಸೆರಗು ಜಗ್ಗುತ್ತಿತ್ತು.

"ಅಜ್ಜೀ, ಅಮ್ಮ ಬಂದ್ಲು! ಉಸಿರು ಬಿಡು!"

ಅತ್ತೆ ಬಿಟ್ಟರು. ಬಿಟ್ಟದ್ದೇ ತಡ, ಸುತ್ತಲಿನ ಹತ್ತಿಪ್ಪತ್ತು ಜನರಿಗೆಲ್ಲ ಕೇಳುವ ಹಾಗೆ ಕೂಗಿದರು: "ನನ್ನ ಸೊಸೆ! ಹೂಂ, ನಿಂತ್ಕೊಂಡು ಏನೇ ನೋಡ್ತೀಯ? ಸೈಕಲ್ಲು ತಾನೇ ನಡ್ಕೊಂಡು ಬರುತ್ತಾ? ಓಡು!"

ಅವಳು ಓಡಿದಳು.