ಹಿಂದಿನ ಸೀಟಿನ ಗುಂಯ್ ಸದ್ದು

ಮುದ್ದೆ ತಿರುವುವ ಕೋಲಿಗೆ ಒಲೆಯಾಚೆಯೂ ಒಂದು ಉದ್ಯೋಗವಿದೆಯೆಂದು ಮೊನ್ನೆಯವರೆಗೆ ನನಗೆ ತಿಳಿದಿರಲಿಲ್ಲ, ಓದುಗರೇ. ನಮ್ಮ ಕಾರು ಹಳೆಯದು. ವಯಸ್ಸಿನಲ್ಲಿ ನನ್ನ ಮದುವೆಗಿಂತ ಚಿಕ್ಕದಾದರೂ ದಣಿವಿನಲ್ಲಿ ನನ್ನ ವಾರಗೆಯದು. ಕಿಡ್ನಿ ಸೋತಿರುವ ಅತ್ತೆಯವರನ್ನು ಅದರಲ್ಲಿ ಕೂರಿಸಿಕೊಂಡು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ವಾರಕ್ಕೆರಡು ಬೆಳಗು, ಡಯಾಲಿಸಿಸ್‌ಗೆ ಕರೆದೊಯ್ಯುವವಳು ನಾನೇ. ಯಜಮಾನರಿಗೆ ಆ ಹೊತ್ತಿಗೆ ಬದನಗುಪ್ಪೆಯ ಕಾರ್ಖಾನೆಯಲ್ಲಿ ಪಾಳಿ. ಒಂದು ಸರದಿ ತಪ್ಪಿದರೆ ಅತ್ತೆಯವರ ಪಾದ ಊದಿ, ಉಸಿರು ಕಟ್ಟಿ, ಮಲಗಲೂ ಆಗದೆ ಗೋಡೆಗೊರಗಿ ಕೂರಬೇಕಾಗುತ್ತದೆ.

ಕೆಲವು ವಾರಗಳಿಂದ ಕಾರು ಮನಸ್ಸು ಬಂದರೆ ಹೊರಡುವುದು, ಇಲ್ಲದಿದ್ದರೆ ಬರಿದೇ ಕೊರಗುವುದು. ಬ್ಯಾಟರಿ ಬದಲಾಯಿತು, ಪ್ಲಗ್ಗುಗಳು ಬದಲಾದವು, ಪೆಟ್ರೋಲಿಗೆ ನೀರು ಬೆರೆತಿದೆಯೆಂಬ ಅಪವಾದವೂ ಬಂತು. ಆಯುಧಪೂಜೆಯಲ್ಲಿ ಚಕ್ರದಡಿಯ ನಿಂಬೆಹಣ್ಣು ಸರಿಯಾಗಿ ಒಡೆಯಲಿಲ್ಲವೆಂದವರೂ ಉಂಟು. ಮೊನ್ನೆ ಬೆಳಿಗ್ಗೆ ಅದು ಪೂರ್ತಿ ಮುನಿಸಿಕೊಂಡಾಗ ಎದುರುಮನೆಯ ಅಣ್ಣತಮ್ಮಂದಿರು ಹಿಂದಿನಿಂದ ತಳ್ಳಿದರು. ಬೀದಿಯ ತುದಿಯವರೆಗೆ ಮೆರವಣಿಗೆಯಾಯಿತೇ ಹೊರತು ಎಂಜಿನ್ನು ಕೆಮ್ಮಲೂ ಇಲ್ಲ. ಹಿಂದಿನ ಸೀಟಿನಲ್ಲಿ ಉತ್ಸವಮೂರ್ತಿಯಂತೆ ಕೂತಿದ್ದ ಅತ್ತೆಯವರು ಆಗ ಬಾಯಿಬಿಟ್ಟರು.

“ದಿನಾ ನೀ ಕೀ ತಿರುಗ್ಸುದ್ರೆ ನನ್ ಸೀಟಿನ್ ಕೆಳಗೆ ಗುಂಯ್ ಅನ್ನದು ಕಣವ್ವ. ಇವತ್ತು ಅನ್ಲೇ ಇಲ್ಲ.”

ನಾವೆಲ್ಲ ಬಾನೆಟ್ಟು ತೆರೆದು ಮುಂದೆಯೇ ಹುಡುಕುತ್ತಿದ್ದೆವು. ತೆರಕಣಾಂಬಿಯ ಮೆಕ್ಯಾನಿಕ್ಕಿಗೆ ಫೋನಿನಲ್ಲಿ ಆ ಮಾತನ್ನು ಹಾಗೆಯೇ ಒಪ್ಪಿಸಿದೆ. ಪೆಟ್ರೋಲನ್ನು ಎಂಜಿನ್ನಿಗೆ ಅಟ್ಟುವ ಪಂಪು ಆ ಸೀಟಿನಡಿಯ ಟ್ಯಾಂಕಿನೊಳಗೇ ಇರುವುದೆಂದೂ, ಅದು ಸಾಯುತ್ತಿದೆಯೆಂದೂ, ತಳ್ಳಿ ಫಲವಿಲ್ಲವೆಂದೂ ಆತ ಹೇಳಿದ. ಸದ್ಯಕ್ಕೆ ಟ್ಯಾಂಕಿನ ತಳಕ್ಕೆ ಮರದ್ದೇನಾದರೂ ಹಿಡಿದು ಮೆಲ್ಲಗೆ ಬಡಿಯಬೇಕು, ಹೊರಟರೆ ದಾರಿಯಲ್ಲಿ ಎಲ್ಲೂ ಆಫ್ ಮಾಡಬಾರದು. ಎದುರುಮನೆಯವರಲ್ಲಿ ಒಬ್ಬಾತ ಕೀ ತಿರುಗಿಸಲು ಕೂತ. ನಾನು ಮನೆಗೋಡಿ ಮುದ್ದೆ ಕೋಲು ತಂದು, ಸೀರೆಯ ಮಡಿಕೆಗಳ ಹಂಗು ತೊರೆದು, ಚಕ್ರದ ಪಕ್ಕ ಮಣ್ಣಿನಲ್ಲಿ ಮಲಗಿ ಬಡಿದೆ.

“ಗಂಟಾಗದಂಗೆ ತಿರುವಕ್ಕೆ ಇದೇನ್ ಹಿಟ್ಟಾ? ಒಸಿ ಜೋರಾಗ್ ಕೊಡು,” ಎಂದರು ಮೇಲಿನಿಂದ ಅತ್ತೆ.

ಕೊಟ್ಟೆ. ಗುಂಯ್ ಎಂದಿತು, ಎಂಜಿನ್ನು ಹೊತ್ತಿತು. ಆರಿಸದೆಯೇ ಆತ ಇಳಿದ, ನಾನು ಹತ್ತಿದೆ.

ಆ ಪಂಪು ಪೆಟ್ರೋಲಿನಲ್ಲಿ ಮುಳುಗಿದ್ದರಷ್ಟೇ ತಂಪಾಗಿರುತ್ತದಂತೆ. ನಾವೋ, ಟ್ಯಾಂಕು ಬರಿದಾಗುವ ತನಕ ಓಡಿಸಿ ಆಮೇಲೆ ಒಂದಿಷ್ಟು ಹುಯ್ಯುವವರು. ಮನೆಯಲ್ಲಿ ಮನುಷ್ಯರನ್ನೂ ನಾವು ಹೀಗೇ ಅಲ್ಲವೇ ನಡೆಸಿಕೊಳ್ಳುವುದು? ಬೆಳಿಗ್ಗೆ ಎದ್ದು ಓಡಾಡುತ್ತಿದ್ದಾಳಲ್ಲ ಎಂಬುದೇ ಅವಳು ಚೆನ್ನಾಗಿರುವುದಕ್ಕೆ ಸಾಕ್ಷಿ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದ್ದರು. ಒರಗುವುದನ್ನು ಯಾರೂ ಕಲಿಸಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಕೀ ಆಫ್ ಮಾಡುವಾಗ ಕೈ ತಡೆಯಿತು. ಮರಳುವ ಚಿಂತೆ ಮರಳುವಾಗಲೇ ಇರಲೆಂದು ಆರಿಸಿ, ಅತ್ತೆಯವರ ಕೈಹಿಡಿದು ಒಳಗೆ ನಡೆಸಿದೆ. ಸರದಿ ಸಿಕ್ಕಿತು. ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ ಅವರು, ಪಕ್ಕದ ಕುರ್ಚಿಯಲ್ಲಿ ಕೂತ ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಬಿಡುವಾಗಿದ್ದ ಕೈಯಿಂದ ತಮ್ಮ ಹೊದಿಕೆಯ ಅಂಚನ್ನು ನನ್ನ ಮಡಿಲಿಗೆ ಎಳೆದು,

“ನೀ ಒಸಿ ಮಲಕ್ಕೊ ಕಣವ್ವ. ನಾನ್ ಎದ್ದಿರ್ತೀನಿ,” ಎಂದರು.