ಸಂಕಪ್ಪ ಒರೆಸಿದ ಪೆನ್ಸಿಲ್ ಗೆರೆ

೨೦೦೭ರ ಜನವರಿಯ ಚಳಿ. ಬೆಳಗಿನ ಆರೂವರೆ. ಪುಣೆಯ ಕೃಷಿ ಸಂಶೋಧನಾ ಸಂಸ್ಥೆಯೊಂದರ ಗ್ರಂಥಾಲಯದಲ್ಲಿ ಇನ್ನೂ ಕಸ ಗುಡಿಸಿಲ್ಲ. ಸಂಕಪ್ಪ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬರುತ್ತಾರೆ. ಹಳೆಯ ಧೋತರದ ತುಂಡಿನಿಂದ ಸ್ಕ್ಯಾನರಿನ ಗಾಜು ಒರೆಸಿ, ಅರೆಗಳಿಗೆ ಕಣ್ಣು ಮುಚ್ಚಿ ಕೈಮುಗಿದು, ಆಮೇಲೆ ಗುಂಡಿ ಒತ್ತುತ್ತಾರೆ. ಗಾಜಿನ ಮೇಲಿರುವುದು ೧೯೬೧ರ ಹಿಂಗಾರಿ ಜೋಳದ ಟಿಪ್ಪಣಿ ಪುಸ್ತಕ. ಹಾಳೆಗಳು ಹಪ್ಪಳದ ಹಾಗಾಗಿವೆ. ಎರಡೂ ಅಂಗೈ ಕೊಟ್ಟು ಒಂದೊಂದನ್ನೇ ತಿರುವುತ್ತಾರೆ.

“ಒಂಬತ್ತೂಕಾಲಕ್ಕ ಕರೆಂಟ್ ಹೋಗತದ್ರಿ. ಲೋಡ್‌ಶೆಡ್ಡಿಂಗ್. ಅದರೊಳಗ ನಂದು ಮುಗೀಬೇಕು,” ಎನ್ನುತ್ತಾರೆ, ತಲೆ ಎತ್ತದೆ.

ನಿಗಡಿಯ ಮನೆಯಿಂದ ಐದಕ್ಕೆ ಹೊರಟು, ಆಕುರ್ಡಿಯಲ್ಲಿ ಲೋಕಲ್ ರೈಲು ಹಿಡಿದು ಅವರು ಬರುತ್ತಾರೆ. ಪುಟವೊಂದಕ್ಕೆ ಎರಡು ನಿಮಿಷ, ದಿನಕ್ಕೆ ಎಂಬತ್ತು ಪುಟ. ಹತ್ತು ಗಂಟೆಯಿಂದ ಎಂದಿನ ಅಟೆಂಡರ್ ಕೆಲಸ. ಬೆಳಗಿನ ಕೆಲಸಕ್ಕೆ ಬೇರೆ ಸಂಬಳವಿಲ್ಲ. ಮಾರ್ಚ್ ಮೂವತ್ತೊಂದಕ್ಕೆ ಅವರ ನಿವೃತ್ತಿ. ಅಷ್ಟರೊಳಗೆ ಇನ್ನೂ ಹದಿನಾಲ್ಕು ಪುಸ್ತಕ ಮುಗಿಯಬೇಕು. ಮುಗಿಯದಿದ್ದರೆ ಉಳಿದವು ರದ್ದಿಗೆ ಹೋಗುತ್ತವೆ.

ಬೈಲಹೊಂಗಲದ ಕಡೆಯ ಸಂಕಪ್ಪ ಮೊದಲು ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದವರು. ಸಂಸ್ಥೆಗೆ ಜವಾನರಾಗಿ ಸೇರಿ ಮೂವತ್ತೆರಡು ವರ್ಷ. ತೊಂಬತ್ತರ ದಶಕದಲ್ಲಿ ಅವರ ಪಾಲಿಗೆ ಬಂದದ್ದು ಟಪಾಲಿನ ಕೆಲಸ. ಇಲ್ಲಿಯ ವಿಜ್ಞಾನಿಗಳ ಲೇಖನ ವಿದೇಶದ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಆ ಪತ್ರಿಕೆಯನ್ನು ಕೊಳ್ಳಲಾಗದವರು ಒಂದು ಪ್ರತಿ ಕಳಿಸಿರೆಂದು ಕಾರ್ಡು ಬರೆಯುತ್ತಿದ್ದರು. ಲೇಖಕರಿಗೆ ಬರುತ್ತಿದ್ದುದು ಇಪ್ಪತ್ತೈದು ಪ್ರತಿ. ಇಪ್ಪತ್ತಾರನೆಯ ಕಾರ್ಡಿಗೆ ‘ಪ್ರತಿ ಮುಗಿದಿದೆ’ ಎಂಬ ಚೀಟಿ.

“ಆ ಚೀಟಿ ನಾನ ಹಾಕಬೇಕಿತ್ರಿ. ಕ್ಯೂಬಾ ಅಂತ, ನೈಜೀರಿಯಾ ಅಂತ, ನಮ್ಮ ರಾಯಚೂರಿನವ್ರದೂ ಬರ್ತಿದ್ವು. ಪಂಕ್ತಿಗೆ ಕುಂತಾವ್ರನ್ನ ಎಬ್ಬಿಸಿ ಕಳಿಸಿದಂಗ ಅನಸ್ತಿತ್ತು.”

ಹೀಗಾಗಿ ೨೦೦೪ರಲ್ಲಿ ಸಂಸ್ಥೆ ತನ್ನ ಲೇಖನಗಳನ್ನೂ ಹಳೆಯ ಹೊಲದ ಟಿಪ್ಪಣಿಗಳನ್ನೂ ಯಾರು ಬೇಕಾದರೂ ಪುಕ್ಕಟೆ ಓದುವಂತೆ ಅಂತರ್ಜಾಲಕ್ಕೆ ಹಾಕಲು ಹೊರಟಾಗ, ಕೆಲಸಕ್ಕೆ ಮೊದಲು ಮುಂದೆ ಬಂದವರು ಸಂಕಪ್ಪ. ಗ್ರಂಥಪಾಲಕಿ ಕೇತಕಿ ಮೇಡಂ ಮೌಸ್ ಹಿಡಿಯುವುದನ್ನು ಕಲಿಸಿದರು. ಎರಡೇ ವರ್ಷದಲ್ಲಿ ಜೋಳದ ನಲವತ್ತಮೂರು ಪುಸ್ತಕಗಳೂ ಏರಿದವು.

ತಪ್ಪಾದದ್ದು ಅಲ್ಲೇ. ಸ್ಕ್ಯಾನ್ ಮಾಡಿದ ಪುಟದ ಕಲೆ ತೆಗೆಯಲು ಕಂಪ್ಯೂಟರಿನಲ್ಲೊಂದು ಗುಂಡಿಯಿತ್ತು. ಸಂಕಪ್ಪ ಪ್ರತಿ ಪುಟಕ್ಕೂ ಅದನ್ನು ಒತ್ತಿದ್ದರು. “ಜಗತ್ತ ನೋಡತದ್ರಿ. ದೇವರ ಮನಿ ಒರಸದ ದೀಪಾ ಹಚ್ತೀವೇನು? ಹಂಗಂತ ತಿಳದಿದ್ದೆ.”

ಕಳೆದ ಸೆಪ್ಟೆಂಬರಿನಲ್ಲಿ ಶಿವಾನಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಧಾರವಾಡದಿಂದ ಇ-ಮೇಲ್ ಬರೆದಳು: ೧೯೬೬ರ ಪುಸ್ತಕದಲ್ಲಿ ಪ್ರಯೋಗದ ಹೊಲದ ಹದಿನಾಲ್ಕನೆಯ ತಾಕಿನ ಇಳುವರಿ ಅರ್ಧಕ್ಕರ್ಧ ಕಡಿಮೆ ಇದೆ. ಆ ಜೋಳದ ತಳಿ ಬರಗಾಲ ತಡೆಯುವುದಿಲ್ಲ ಎಂದು ಪ್ರಬಂಧದಲ್ಲಿ ಬರೆಯಲೇ? ಮೂಲ ಪುಸ್ತಕ ನೋಡಿ ಬನ್ನಿ ಎಂದು ಕೇತಕಿ ಮೇಡಂ ಸಂಕಪ್ಪನವರನ್ನು ಉಗ್ರಾಣಕ್ಕೆ ಕಳಿಸಿದರು. ಸ್ಕ್ಯಾನ್ ಮುಗಿಯಿತೆಂದು ನಲವತ್ತಮೂರನ್ನೂ ಸುತಳಿ ಕಟ್ಟಿ ಇಟ್ಟಿದ್ದರು. ಅಂದು ಗುರುವಾರ. ಶನಿವಾರ ರದ್ದಿಯವನು ಬರುವವನಿದ್ದ.

ಸಂಕಪ್ಪ ಸುತಳಿ ಬಿಚ್ಚಿದರು. ಹದಿನಾಲ್ಕನೆಯ ತಾಕಿನ ಎದುರು, ಅಂಚಿನಲ್ಲಿ, ಪೆನ್ಸಿಲ್ಲಿನ ಸಣ್ಣ ಕತ್ತರಿ ಗುರುತು. ಕಲೆ ತೆಗೆಯುವ ಗುಂಡಿ ಅದನ್ನೂ ಕಲೆಯೆಂದೇ ಅಳಿಸಿಹಾಕಿತ್ತು. ರಟ್ಟಿನ ಒಳಬದಿಯಲ್ಲಿ ಅದರ ಅರ್ಥವೂ ಪೆನ್ಸಿಲ್ಲಿನಲ್ಲೇ ಇತ್ತು: ಹಕ್ಕಿ ತಿಂದ ತಾಕು, ಲೆಕ್ಕಕ್ಕೆ ಹಿಡಿಯಬಾರದು.

“ಬ್ಯಾರೆ ಪುಸ್ತಕ ತಗದೆ. ಅದರಾಗೂ ಗೀಟು. ಎಲ್ಲಾ ನಾನ ಒರಸೀನಿ.”

ಸುಮ್ಮನೆ ಸುತಳಿ ಕಟ್ಟಿ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿವೃತ್ತಿಗೆ ಆರೇ ತಿಂಗಳಿತ್ತು. ಸಂಕಪ್ಪ ನೇರ ಮೇಡಂ ಮೇಜಿಗೆ ಹೋಗಿ ಪುಸ್ತಕ ಬಿಡಿಸಿಟ್ಟು, “ತಾಕು ಹಕ್ಕಿ ತಿಂದದ್ದು ಮೇಡಂ, ಗೀಟು ನಾನ ತಿಂದದ್ದು,” ಎಂದರು.

ಕೇತಕಿ ಮೇಡಂ ರಟ್ಟಿನ ಒಳಬದಿಯನ್ನೂ ತಿರುವಿ ನೋಡಿದರಂತೆ. ಆಮೇಲೆ ಮರಾಠಿಯಲ್ಲಿ, ಅದೊಂದು ಪುಸ್ತಕವನ್ನು ಮತ್ತೆ ಮಾಡಿದರೆ ಸಾಕು ಕಾಕಾ, ಎಂದರು. ಸಂಕಪ್ಪ ಒಪ್ಪಲಿಲ್ಲ. ಎಲ್ಲವನ್ನೂ, ಮೊದಲನೆಯದರಿಂದಲೇ, ಅದೂ ರಟ್ಟು ಸಮೇತ ಮಾಡುವೆನೆಂದರು. ಕೋಣೆ ಬೇರೆ ಕೆಲಸಕ್ಕೆ ಬೇಕಾಗಿದ್ದರಿಂದ ಅವರ ನಿವೃತ್ತಿಯ ದಿನದವರೆಗೆ ಮಾತ್ರ ಪುಸ್ತಕ ಉಳಿಸಿಕೊಳ್ಳಲು ಮೇಲಿನವರು ಒಪ್ಪಿದರು.

ಉಗ್ರಾಣದ ಗುಮಾಸ್ತ ಬಾಳಕೃಷ್ಣ ಧಾರವಾಡದವರು. ಬಾಯಿ ಸುಮ್ಮನಿರುವುದಿಲ್ಲ. “ಸಂಕಪ್ಪಣ್ಣಾ, ಈ ರದ್ದಿ ಮನಿಗೆ ಒಯ್ಯಪಾ. ವೈನಿ ನಿನ್ನೂ ಅದರ ಜೋಡಿ ತೂಕಕ್ಕ ಹಾಕ್ತಾಳ,” ಎಂದು ಅತ್ತಿಗೆಯ ನೆಪದಲ್ಲಿ ರೇಗಿಸುತ್ತಾರೆ. “ಹಾಕ್ಲಿ ಬಿಡೋ, ನೀ ತಕ್ಕಡಿ ಹಿಡಿ,” ಎನ್ನುತ್ತಾರೆ ಸಂಕಪ್ಪ. ಹೀಗೆ ರೇಗಿಸುವ ಬಾಳಕೃಷ್ಣರೇ ಆ ಶನಿವಾರ ರದ್ದಿಯವನನ್ನು ಗೇಟಿನಿಂದ ವಾಪಸು ಕಳಿಸಿದ್ದು.

ಒಂದೇ ಸಾಕೆಂದಾಗ ಎಲ್ಲವೂ ಯಾಕೆ? ಸಂಕಪ್ಪ ತಮ್ಮ ತಾಯಿ ಗೌರಾಬಾಯಿಯನ್ನು ನೆನೆಯುತ್ತಾರೆ. ಶ್ರಾವಣದಲ್ಲಿ ಊರ ಮಠದಲ್ಲಿ ಪುರಾಣ ಓದಿಸುತ್ತಿದ್ದರು. ಅಕ್ಷರ ಬಾರದ ಗೌರಾಬಾಯಿಗೆ ಕೇಳಿ ಕೇಳಿಯೇ ಎಲ್ಲ ಬಾಯಿಪಾಠ. ಓದುವವರು ಒಂದು ಸಾಲು ಹಾರಿಸಿದರೆ, ಹಿಂದೆ ಕೂತ ಅವರ ಅಂಗೈ ನೆಲಕ್ಕೆ ಬಡಿಯುತ್ತಿತ್ತು. ಓದುವವರು ಆ ಸಂಧಿಯನ್ನು, ಇಡೀ ಅಧ್ಯಾಯವನ್ನೇ, ಮೊದಲಿಂದ ಹಿಡಿಯಬೇಕು.

“ಸಾಲು ಬಿಟ್ಟಾವರಿಗೆ ಗೊತ್ತಾಗೂದಿಲ್ರಿ, ಕೇಳಾವರಿಗೆ ಗೊತ್ತಾಗತದ. ಆ ಹುಡುಗಿ ಧಾರವಾಡದಾಗ ಕುಂತು ನೆಲಾ ಬಡದಳ್ರಿ. ನನಗ ಕೇಳಿಸ್ತು.”

ಶಿವಾನಿ ಆ ತಾಕನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದ್ದಾಳೆ. ತಳಿ ಬರಗಾಲವನ್ನು ಚೆನ್ನಾಗಿಯೇ ತಡೆದಿತ್ತು. ಸಂಕಪ್ಪ ಆಕೆಯನ್ನು ಇಂದಿಗೂ ಕಂಡಿಲ್ಲ.

ಗೋಡೆಯ ಗಡಿಯಾರದಲ್ಲಿ ಒಂಬತ್ತು ಹತ್ತು. ಮುಂದಿನ ಆಸೆಯೇನೆಂದು ಕೇಳಿದರೆ, “ಹದಿನಾಲ್ಕೂ ಪುಸ್ತಕ ಮುಗೀಬೇಕ್ರಿ, ಅಷ್ಟ,” ಎಂದು ಕೊನೆಯ ಹಾಳೆ ತಿರುವುತ್ತಾರೆ. ಅದರ ಮೂಲೆಯಲ್ಲಿ ದುಂಡನೆಯ ಕಂದು ಗುರುತು. ಅರವತ್ತೊಂದರಲ್ಲಿ ಯಾರೋ ಇಟ್ಟ ಚಹಾ ಕಪ್ಪಿನದಿರಬೇಕು. ಪರದೆಯ ಮೇಲೆ ಪುಟ ಮೂಡುತ್ತದೆ, ಕಲೆ ತೆಗೆಯುವ ಗುಂಡಿಯೂ. ಸಂಕಪ್ಪ ಅದನ್ನು ಮುಟ್ಟುವುದಿಲ್ಲ.

“ಇದು ಕಲೆನೋ, ಮಾತೋ, ನನಗೇನ್ ಗೊತ್ರಿ? ಎಲ್ಲ್ಯೋ ಒಬ್ರಿಗೆ ಗೊತ್ತಿರತದ. ಹಂಗ ಹೋಗ್ಲಿ.”