ಅಕ್ಕನ ಅಡುಗೆಮನೆಗೆ ಬಂದ ಬಾಟಲಿ

ಟಪ್.

ಅಷ್ಟೇ ಆ ಸದ್ದು. ಗಾಜಿನ ಸಾಸ್ ಬಾಟಲಿಯ ಮುಚ್ಚಳವನ್ನು ಮೊದಲ ಸಲ ತಿರುಗಿಸಿದಾಗ, ಎಲ್ಲಿಂದಲೋ ಉಸಿರು ಬಿಗಿಹಿಡಿದು ಬಂದ ಬಾಟಲಿ ಕೊನೆಗೂ ಒಂದು ಮನೆ ಸೇರಿದೆನಲ್ಲ ಎಂದು ನಿಟ್ಟುಸಿರು ಬಿಡುವ ಸದ್ದು. ಬೆರಳಿನ ನೆಟಿಕೆಗಿಂತ ಚಿಕ್ಕದು. ಚಂದ್ರಾ ಲೇಔಟಿನ ಒಂದು ಅಡುಗೆಮನೆಯಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ ಕೇಳಿದ ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲೂ ಅಂಥ ನಾಲ್ಕಾರು ಬಾಟಲಿಗಳು ನಿಂತಿರಬಹುದು. ಅವುಗಳ ಬಗ್ಗೆ ಯಾರೂ ಒಳ್ಳೆಯ ಮಾತಾಡುವುದಿಲ್ಲ. ಪ್ರಿಸರ್ವೇಟಿವ್ ಎನ್ನುತ್ತಾರೆ, ಸೋಮಾರಿಗಳ ಅಡುಗೆ ಎನ್ನುತ್ತಾರೆ. ಆ ಒಳ್ಳೆಯ ಮಾತು ನಾನು ಆಡುತ್ತೇನೆ. ಅಡುಗೆಯಲ್ಲಿ ಯಾವತ್ತೂ ಜಸ್ಟ್ ಪಾಸ್ ಆದ ನನ್ನಂಥವಳ ಚಪಾತಿಗೆ, ಉಳಿದನ್ನಕ್ಕೆ, ಸಪ್ಪೆ ಎಲೆಕೋಸಿಗೆ ಮಾನ ಕೊಟ್ಟವು ಅವು. ಹೆಸರುಬೇಳೆ ಕೋಸಂಬರಿಯ ಮೇಲೆ ಒಂದು ಚಮಚ ಸ್ಯಾಲಡ್ ಡ್ರೆಸಿಂಗ್ ಹಾಕಿ ನೋಡಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ. ಆದರೆ ನನ್ನ ಮೆಚ್ಚುಗೆಯ ಬೇರು ಇರುವುದು ನನ್ನ ಅಡುಗೆಮನೆಯಲ್ಲಲ್ಲ, ಅಕ್ಕನ ಅಡುಗೆಮನೆಯಲ್ಲಿ.

ಅಕ್ಕ ಎಂದರೆ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ನಾನು ರಾಜಾಜಿನಗರದ ಕೂಡುಕುಟುಂಬಕ್ಕೆ ಸೊಸೆಯಾಗಿ ಬಂದಾಗ ನನಗೆ ಬರುತ್ತಿದ್ದದ್ದು, ಕಾನ್ವೆಂಟಿನ ಡೊಮೆಸ್ಟಿಕ್ ಸೈನ್ಸ್ ಪೀರಿಯಡ್ಡಿನಲ್ಲಿ ಸಿಸ್ಟರ್ ಒಬ್ಬರು ಕಲಿಸಿದ ವೈಟ್ ಸಾಸ್ ಒಂದೇ. ಬೆಣ್ಣೆ, ಮೈದಾ, ಹಾಲು, ಒಂದೂ ಗಂಟಿರಬಾರದು. ಹೂಕೋಸಿನ ಮೇಲೆ ಅದನ್ನು ಸುರಿದು ಮನೆಮಂದಿಗೆಲ್ಲ ಬಡಿಸಿದೆ. ಅರ್ಧ ಪಾತ್ರೆ ಹಾಗೇ ಉಳಿಯಿತು. ಮಾರನೆಯ ದಿನ ನೋಡಿದರೆ ಅಕ್ಕ ಉಳಿದ ಸಾಸಿನಲ್ಲಿ ಬೊಂಬೆ ಹಬ್ಬದ ಮೆಟ್ಟಿಲುಗಳಿಗೆ ಬಣ್ಣದ ಕಾಗದ ಅಂಟಿಸುತ್ತ ಕೂತಿದ್ದರು. ಗಂಟೇ ಇಲ್ಲ, ಎಷ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ ಎಂದು ಮನಸಾರೆ ಹೊಗಳಿದರು.

ಅವರದು ಬೇರೆಯೇ ವಿದ್ಯೆ. ದೇವರ ನೈವೇದ್ಯವಾಗುವ ತನಕ ಅಡುಗೆಯ ಒಂದು ಹನಿಯೂ ನಾಲಿಗೆಗೆ ತಾಗುವಂತಿಲ್ಲ, ತಾಗಿದರೆ ಅದು ಎಂಜಲು. ಹಾಗಾದರೆ ಉಪ್ಪು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಮೂಗಿನಿಂದ. ಕುದಿಯುವ ಸಾರಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆದು, ಉಪ್ಪು ಒಂಚೂರು ಕಡಿಮೆ, ಹುಳಿ ಸಾಕು ಎಂದು ತೀರ್ಪು ಕೊಡುತ್ತಿದ್ದರು. ನಾನು ಓದಿದ ಇಂಗ್ಲಿಷ್ ಕಾದಂಬರಿಗಳಲ್ಲಿ ವೈನನ್ನು ಮೂಸಿ ದ್ರಾಕ್ಷಿಯ ಊರು ಹೇಳುವ ದೊಡ್ಡ ಮನುಷ್ಯರಿದ್ದರು; ಹುಣಸೆಹಣ್ಣು ಹೊಸದೋ ಹಳೆಯದೋ ಎಂದು ಆವಿಯಲ್ಲೇ ಹೇಳುವವರು ನನ್ನ ಪಕ್ಕದಲ್ಲಿದ್ದರು.

ಕೂಡುಕುಟುಂಬ ಚದುರಿತು. ನಾವು ಬಸವೇಶ್ವರನಗರಕ್ಕೆ ಬಂದೆವು, ಅಕ್ಕ ಮಗಳು ವೀಣಾಳ ಜೊತೆ ಚಂದ್ರಾ ಲೇಔಟಿಗೆ ಹೋದರು. ಮುಂದೆ, ಎಲ್ಲರ ಮನೆಗೂ ಬಂದ ಆ ಜ್ವರ ಅಲ್ಲಿಗೂ ಬಂತು. ಜ್ವರ ಇಳಿಯಿತು, ಅದರ ಜೊತೆ ಹೋದ ವಾಸನೆ ಮಾತ್ರ ಬೇರೆಯವರಿಗೆ ಮರಳಿದಂತೆ ಅಕ್ಕನಿಗೆ ಮರಳಲಿಲ್ಲ. ಎರಡೆರಡು ಸಲ ಉಪ್ಪು ಬಿದ್ದ ಸಾರನ್ನು ವೀಣಾ ಮುಖ ಸಿಂಡರಿಸದೆ ಉಣ್ಣುತ್ತಿದ್ದಳು. ಊಟದ ನಡುನಡುವೆ ಅವಳು ಕುಡಿಯುವ ನೀರು ನೋಡಿ ಅಕ್ಕನಿಗೆ ಅರ್ಥವಾಯಿತು. ಸೌಟು ಕೆಳಗಿಟ್ಟರು. ಆಮೇಲೆ ತಟ್ಟೆಯನ್ನೂ. ಏನು ತಿಂದರೂ ಒದ್ದೆ ರಟ್ಟು ಅಗಿದ ಹಾಗೆ ಎನ್ನುತ್ತಿದ್ದರು. ಮಣಿಕಟ್ಟಿನಲ್ಲಿರಬೇಕಾದ ಬಳೆಗಳು ಕೈಯೆತ್ತಿದರೆ ಮೊಣಕೈವರೆಗೆ ಜಾರುತ್ತಿದ್ದವು. ಏನು ಸೇರುತ್ತದೋ ಅದನ್ನು ಕೊಡಿ, ಊಟ ಹೊಟ್ಟೆಗೆ ಹೋಗದಿದ್ದರೆ ನನ್ನ ಮಾತ್ರೆ ಏನೂ ಮಾಡುವುದಿಲ್ಲ ಎಂದು ಡಾಕ್ಟರು ವೀಣಾಳನ್ನು ಹೊರಗೆ ಕರೆದು ಹೇಳಿದ್ದರು.

ಅವಳು ಆಫೀಸಿಗೆ ಹೋದ ಮೇಲೆ ಅಕ್ಕನಿಗೆ ಉಣಿಸುವ ಕೆಲಸ ನನ್ನ ಪಾಲಿಗೆ ಬಂತು. ದಿನವೂ ಆಟೋ ಹಿಡಿದು ಹೋಗುತ್ತಿದ್ದೆ. ಗೊಜ್ಜು, ತೊವ್ವೆ, ಶಾವಿಗೆ ಪಾಯಸ, ಎಲ್ಲ ಎರಡು ತುತ್ತಿಗೆ ನಿಂತುಹೋಗುತ್ತಿದ್ದವು. ಹೀಗಿರುವಾಗ ಒಂದು ದಿನ, ಹೆಚ್ಚು ಯೋಚಿಸದೆ, ನನ್ನ ಫ್ರಿಜ್ಜಿಗೆಂದು ಕೊಂಡಿದ್ದ ಮಸ್ಟರ್ಡ್ ಸಾಸಿನ ಹೊಸ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಈರುಳ್ಳಿ ಬೆಳ್ಳುಳ್ಳಿ ಇದೆಯೇ ಎಂಬುದು ಅಕ್ಕನ ಮೊದಲ ಪ್ರಶ್ನೆ. ಭೂತಗನ್ನಡಿ ಹಿಡಿದು ಲೇಬಲ್ಲನ್ನು ಸ್ಕೂಲಿನ ರೀಡಿಂಗ್ ಲೆಸನ್ನಿನಂತೆ ಗಟ್ಟಿಯಾಗಿ ಓದಿದೆ: ನೀರು, ಸಾಸಿವೆ, ವಿನೆಗರ್, ಉಪ್ಪು, ಅರಿಶಿನ. ವಿನೆಗರ್ ಒಂದನ್ನು ಬಿಟ್ಟರೆ ಉಳಿದವರೆಲ್ಲ ಪರಿಚಯದವರೇ ಎಂದೆ. ಅಕ್ಕ ಒಪ್ಪಲಿಲ್ಲ.

“ಯಾರೋ ರುಚಿ ನೋಡೇ ತಾನೆ ಇದನ್ನ ತುಂಬಿರೋದು? ಎಂಜಲು ಕಣೇ ಇದು.”

“ಫ್ಯಾಕ್ಟರೀಲಿ ಯಾರೂ ನೋಡಲ್ಲ ಅಕ್ಕ. ಎಲ್ಲಾ ಮೆಷೀನೇ.”

“ಮೆಷೀನಿಗೆ ಮೂಗಿದ್ಯಾ?”

“ಇಲ್ಲ.”

“ಹಾಗಾದ್ರೆ ಅದೂ ನನ್ ಥರಾನೇ. ಪಾಪ, ತಗೊಂಬಾ.”

ಮುಚ್ಚಳ ತೆಗೆದೆ. ಟಪ್. ಮೊಸರಿಗೆ ಸೌತೆಕಾಯಿ ಹೆಚ್ಚಿ ಹಾಕಿ, ಅದರಲ್ಲಿ ಧಾರಾಳವಾಗಿ ಒಂದು ಚಮಚ ಸಾಸು ಕದಡಿ, ಮೆತ್ತಗಿನ ಅನ್ನಕ್ಕೆ ಕಲಸಿ ಕೈತುತ್ತು ಕೊಟ್ಟೆ. ಅಕ್ಕ ಅಗಿದರು. ಮುಖದಲ್ಲಿ ಏನೂ ಇಲ್ಲ. ಇದೂ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ದೊಡ್ಡದಾಯಿತು, ನೀರು ತುಂಬಿತು, ಬಲಗೈ ತಾನಾಗಿ ನೆತ್ತಿಯ ಮೇಲೆ ಹೋಯಿತು. ಸಾಸಿವೆಯ ಘಾಟು. ಅದಕ್ಕೆ ವಾಸನೆಯ ದಾರಿ ಬೇಕಿಲ್ಲವಂತೆ, ನೇರ ಮೂಗಿನ ಬೇರೊಂದು ನರಕ್ಕೇ ಹೋಗಿ ಕುಟುಕುತ್ತದಂತೆ. ಅದು ನನಗೆ ಡಾಕ್ಟರಿಂದ ಆಮೇಲೆ ತಿಳಿದದ್ದು. ಆಗ ನಾನು ಗಾಬರಿಯಿಂದ ನೀರಿನ ಲೋಟ ಹಿಡಿದು ನಿಂತಿದ್ದೆ.

ಅಕ್ಕ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ಮೂಗಿನೊಳಗೆ ಏನೋ ಆಯ್ತು ಕಣೇ ಸುಶೀಲಾ,” ಎಂದರು ಮೆಲ್ಲಗೆ, ಖಾಲಿ ಮನೆಯೊಳಗೆ ಯಾರದೋ ಓಡಾಟ ಕೇಳಿಸಿದವರಂತೆ. “ಇನ್ನೊಂದು ತುತ್ತು ಕೊಡು.”

ವಾಸನೆ ಮರಳಿತೆಂದು ನಾನು ಹೇಳುತ್ತಿಲ್ಲ, ಅದು ಮರಳಲೇ ಇಲ್ಲ. ಆದರೆ ಒಂದು ದಾರಿ ತೆರೆದಿತ್ತು. ಸಾಸಿವೆಯ ಹಿಂದೆ ಹಸಿಮೆಣಸಿನ ಸಾಸು ಬಂತು, ನಿಂಬೆಯ ಡ್ರೆಸಿಂಗ್ ಬಂತು, ಪುದೀನ ಮೆಯೋನೀಸ್ ಬಂದು ಎಣ್ಣೆ ಜಿಡ್ಡು ಎನ್ನಿಸಿಕೊಂಡು ವೀಣಾಳ ಪಾಲಾಯಿತು. ಬಾಟಲಿಗಳಿಗೆ ದೇವರಿಗಿಡುವ ಪದಾರ್ಥಗಳ ಸಾಲಿನಲ್ಲಿ ಜಾಗವಿರಲಿಲ್ಲ, ಕಿಟಕಿಯ ಪಕ್ಕ ಅವಕ್ಕೇ ಒಂದು ಹಲಗೆ. ಇನ್ನೂ ದೊಡ್ಡ ಬೆರಗೆಂದರೆ ಅಕ್ಕ ಮತ್ತೆ ಒಲೆಯ ಮುಂದೆ ನಿಂತರು. ತರಕಾರಿಯನ್ನು ಉಪ್ಪಿಲ್ಲದೆ ಬೇಯಿಸುವುದು, ಇಳಿಸಿದ ಮೇಲೆ ಇಷ್ಟಕ್ಕೆ ಇಷ್ಟು ಚಮಚವೆಂದು ಅಳೆದು ಸಾಸು ಹಾಕುವುದು. ಮೂಗನ್ನು ಕೇಳಬೇಕಾಗಿಲ್ಲ. ನಿನ್ನೆ ಸರಿಯಿದ್ದದ್ದು ಇವತ್ತೂ ಸರಿಯಿರುತ್ತದೆ.

ನೋಡಿ, ನಾವು ಹೀಗಳೆಯುವುದು ಇದನ್ನೇ. ಎಲ್ಲ ಬಾಟಲಿಯೂ ಒಂದೇ ರುಚಿ, ಕೈಗುಣವೇ ಇಲ್ಲ ಎನ್ನುತ್ತೇವೆ. ನಿಜ, ಇಲ್ಲ. ಕೈಗುಣವೆಂಬುದು ಇರುವವರ ಸಂಪತ್ತು. ಅದು ಕಳೆದುಹೋದ ದಿನ, ಹತ್ತಿದ ಮೆಟ್ಟಿಲನ್ನೇ ಮತ್ತೆ ಹತ್ತಲು ಮನುಷ್ಯರಿಗೆ ಪಕ್ಕದಲ್ಲಿ ಒಂದು ಕಂಬಿ ಬೇಕು, ಹಿಡಿದಲ್ಲೆಲ್ಲ ಒಂದೇ ಸಮ ಇರುವಂಥದು. ಯಾವ ಊರಿನ ಯಾವ ಶೆಡ್ಡಿನಲ್ಲೋ, ನಮ್ಮ ಹೆಸರೂ ತಿಳಿಯದ ಯಾರೋ, ಸಾಸಿವೆ ಇಷ್ಟು, ಹುಳಿ ಇಷ್ಟು ಎಂದು ಒಂದು ದಿನ ಗಟ್ಟಿಮಾಡಿ, ಆ ಮಾತಿಗೆ ತಪ್ಪದೆ ನಡೆದುಕೊಳ್ಳುತ್ತಿದ್ದಾರಲ್ಲ, ಅದು ಸಣ್ಣ ಡಿಸಿಪ್ಲಿನ್ ಅಲ್ಲ. ನನ್ನ ಕಾನ್ವೆಂಟಿನ ಸಿಸ್ಟರುಗಳು ಇದ್ದಿದ್ದರೆ ತಲೆದೂಗುತ್ತಿದ್ದರು.

ಬಳೆಗಳು ಮತ್ತೆ ಮಣಿಕಟ್ಟಿಗೆ ಬಂದು ನಿಂತವು. ಅಕ್ಕ ಅದಾದ ಮೇಲೆ ಎರಡು ದೀಪಾವಳಿ ಕಂಡರು. ಹೋದದ್ದು ನಿದ್ದೆಯಲ್ಲೇ, ವಯಸ್ಸಾದವರು ಹೋಗಬಯಸುವ ಹಾಗೆ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದಕ್ಕೆ ಕೆಲವು ದಿನ ಮೊದಲು, ಏನೂ ವಿಶೇಷವಿಲ್ಲದ ಒಂದು ಮಧ್ಯಾಹ್ನ. ನನಗೆ ಬಡಿಸಿ, ನನ್ನದಾದ ಮೇಲೆ ತಾವು ತಟ್ಟೆ ಹಾಕಿಕೊಂಡಿದ್ದರು. ಆಟೋದವನು ಗೇಟಿನ ಹತ್ತಿರ ಹಾರ್ನ್ ಮಾಡಿದ. ನಾನು ಚಪ್ಪಲಿ ಮೆಟ್ಟಿ, ಹೋಗಿಬರುತ್ತೇನೆ ಎಂದು ಹೇಳಲು ಕಿಟಕಿಯ ಬಳಿ ಬಂದು ಒಳಗೆ ನೋಡಿದೆ. ತಲೆ ಬಗ್ಗಿಸಿ, ಹೊರಗಿನ ಯಾವುದೂ ಬೇಡವೆಂಬಂತೆ, ತಟ್ಟೆಯಂಚಿನ ಅನ್ನವನ್ನು ಬೆರಳಿಂದ ನಡುವಿಗೆ ಎಳೆದುಕೊಂಡು ಕಲಸುತ್ತಿದ್ದರು. ಹಾರ್ನ್ ಮತ್ತೊಂದು ಸಲ ಕೇಳಿತು. ತಲೆ ಎತ್ತಲಿಲ್ಲ. ಕರೆದರೆ ಎದ್ದುಬಿಡುತ್ತಾರೆ, ಬಾಗಿಲವರೆಗೆ ಬಂದೇ ಬರುತ್ತಾರೆ. ಹೇಳದೆಯೇ ಹೊರಟೆ. ಅಕ್ಕ ಉಣ್ಣುತ್ತಿದ್ದರು.